ಈ ವಾರದ ಸಮಸ್ಯೆ: “ತನ್ನ ನೆತ್ತರ ಕುಡಿದು ದಾಹ ತೀರಿದುದು”

ಪ್ರಾಸಪ್ರಿಯ:
ಎಲ್ರಿಗೂ ನಮಸ್ಕಾರ. ಈ ಸಲ ಪಂಚಮಾತ್ರಾ ಚೌಪದಿ, ಅಂದ್ರೆ ಐದೈದು ಮಾತ್ರೆ ಗಣದ ನಾಲ್ಕು ಸಾಲಿನ ಪದ್ಯ. ಕೊನೇ ಸಾಲು ಮೇಲಿದೆ, ಅದು ಹೊಂದೋ ಹಾಗೆ ಮೊದಲ ಮೂರು ಸಾಲು ನೀವು ಪೂರಣ ಮಾಡ್ಬೇಕು. ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರ) ‘ನ್ನ’. ರಕ್ತ ಕುಡಿಯೋದು ಅಂದ ತಕ್ಷಣ ಭೀಮನ್ನ ಎಳ್ಕೊಂಡು ಬರ್ತೀರ ಅಂತ ಗೊತ್ತು, ಅವನು ಕುಡಿದಿದ್ದು ದುಶ್ಶಾಸನಂದು, ಇಲ್ಲಿ ತನ್ನದೇ ರಕ್ತ, ಹಾಗಾಗಿ ಕುರುಕ್ಷೇತ್ರಕ್ಕೆ ಈ ವಾರ ರಜ. ವಸ್ತು ಬ್ರಿಟನಿಯ (ಬ್ರಿಟನ್ ಅಲ್ಲ, ಫ್ರಾನ್ಸ್‌ನ ಪಶ್ಚಿಮ ತುದಿಯ ಸೀಮೆ) ದಾಯಾದಿ ಜಗಳ. ಡ್ಯೂಕ್ ಮೂರನೇ ಜಾನ್ 1341ರಲ್ಲಿ ಮಕ್ಕಳಿಲ್ದೆ ಸತ್ತ. ಮಲತಮ್ಮ ಮಾನ್‌ಫೋರ್ ಜಾನ್ ಗದ್ದುಗೆ ನಂದು ಅಂದ, ಮೊದಲೇ ತೀರಿಕೊಂಡಿದ್ದ ಸ್ವಂತ ತಮ್ಮನ ಮಗಳು ಪೆಂತಿಯೇವ್ರ್ ಜೋನ್ ಇಲ್ಲ ನಂದು ಅಂದ್ಲು, ಅವಳ ಗಂಡ ಬ್ಲುವಾ ಚಾರ್ಲ್ಸ್ ಫ್ರಾನ್ಸ್ ರಾಜನ ಸೋದರಳಿಯ, ಅಲ್ಲಿಗೆ ಕತೆ ಅರ್ಥ ಆಯ್ತಲ್ಲ.

ಗಣಪಾಠಿ:
ಸಾರ್ ಇದ್ರಲ್ಲಿ ಮಜಾ ಏನ್ ಗೊತ್ತಾ, ಹೆಣ್ಣಿನ ಕಡೆಯಿಂದ ಬಂದ ಹಕ್ಕು ನಡಿಯಲ್ಲ ಅಂತಾನೇ ಫ್ರಾನ್ಸ್ ಪಟ್ಟ ಏರಿದ್ದ ಆರನೇ ಫಿಲಿಪ್ ಇಲ್ಲಿ ಹೆಣ್ಣಿನ ಪರ ನಿಂತ. ತಾಯಿ ಕಡೆಯಿಂದ ಫ್ರಾನ್ಸ್ ನಂಗೇ ಬರಬೇಕು ಅಂತಿದ್ದ ಇಂಗ್ಲೆಂಡಿನ ಮೂರನೇ ಎಡ್ವರ್ಡ್ ಗಂಡುಮಗ ಮಾನ್‌ಫೋರ್ ಪರ! ಲಾಯರ್‌ಗಳೂ ಇಷ್ಟು ಬೇಗ ಕಕ್ಷಿ ಬದಲಾಯಿಸಲ್ಲ. ನನ್ನ ಪೂರಣ 1351ರದ್ದು:

ಅನ್ನವಿಲ್ಲದ ನೋಂಪಿ, ಬೆವರು, ಗಾಯದ ನೋವು,
“ಇನ್ನು ತಾಳೆನು, ನೀರು!” ಎಂದ ದಳಪತಿಗೆ
ಬೆನ್ನ ಹಿಂದಿನ ಬಂಟ ಬೈದುದೇ ಮದ್ದಾಯ್ತು;
ತನ್ನ ನೆತ್ತರ ಕುಡಿದು ದಾಹ ತೀರಿದುದು

ಪ್ರಾಸಪ್ರಿಯ:
ಭಲೇ! ಗೊತ್ತಿಲ್ದವ್ರಿಗೆ: ಜೋಸ್ಲಾಂ ಮತ್ತೆ ಪ್ಲೊಯೆರ್ಮೆಲ್ ಕೋಟೆಗಳ ನಡುವೆ ಮಾರ್ಚ್ 26ಕ್ಕೆ ಮಾತಾಡ್ಕೊಂಡು ಮೂವತ್ತು ಜನಕ್ಕೆ ಮೂವತ್ತು ಜನ ಹೊಡೆದಾಡಿದ್ರು. ಬ್ಲುವಾ ಕಡೆ ನಾಯಕ ಬೋಮನ್ವಾರ್, ಈಸ್ಟರ್ ಮುಂಚಿನ ಉಪವಾಸ ಬೇರೆ, ಗಾಯ ಆಗಿ ನೀರು ಕೇಳಿದ್ದಕ್ಕೆ ಜೊತೆಗಾರ ‘ನಿನ್ ರಕ್ತಾನೇ ಕುಡಿ ಬೋಮನ್ವಾರ್, ಬಾಯಾರಿಕೆ ಹೋಗತ್ತೆ’ ಅಂದ. ನಾನು ಸಮಸ್ಯೆ ಎತ್ಕೊಂಡಿದ್ದೇ ಅಲ್ಲಿಂದ. ಕೊನೆಗೆ ಬೋಮನ್ವಾರ್ ಕಡೆಯವನೊಬ್ಬ ಕುದುರೆ ಹತ್ತಿ ನುಗ್ಗಿ ಇಂಗ್ಲಿಷರ ಸಾಲು ಮುರಿದ, ಅದು ಮೋಸಾನಾ ಅಂತ ಕೇಳಬೇಡಿ, ಗೆದ್ದವರ ಕಡೆ ಯಾರೂ ಕೇಳಲಿಲ್ಲ.

ಹೊಸಬಿ:
ಮೊದಲನೇ ಪ್ರಯತ್ನ, ಕುಕ್ಕರ್ ಕೂಗೋದನ್ನ ಎಣಿಸೋದಾ ಮಾತ್ರೆ ಎಣಿಸೋದಾ ಗೊತ್ತಾಗದೆ ಮೂರು ವಿಷಲ್ ಜಾಸ್ತಿ ಆಗಿ ಬೇಳೆ ಪಾಯಸ ಆಗೋಗಿದೆ, ತಪ್ಪಿದ್ರೆ ತಿದ್ದಿ.

ಗಂಡನೇ ಸೆರೆಯಾಗೆ, ಮಡದಿ ಕವಚವ ತೊಟ್ಟು
ಹೆನ್ನೆಬೋನ್ ಬಯಲ ಡೇರೆಗಳ ಸುಡುತಿರಲು
ಕೆನ್ನೆಗಿಳಿಯದೆ ಕಣ್ಣ ನೀರು, ಕಚ್ಚಿದ ತುಟಿಯ
ತನ್ನ ನೆತ್ತರ ಕುಡಿದು ದಾಹ ತೀರಿದುದು

ಗಣಪಾಠಿ:
ಅಕ್ಕಾ, ತುಟಿ ಕಚ್ಚಿಸಿದ್ದು ನನಗೆ ಹೊಳೀಲೇ ಇಲ್ಲ ನೋಡಿ! ಗಣ ಎಲ್ಲ ಸರಿ ಕೂತಿದೆ, ಮೊದಲ ಸಾಲಲ್ಲಿ ‘ಂಡ’ ಬಂದು ಪ್ರಾಸ ಮಾತ್ರ ತಪ್ಪಿದೆ. ‘ಗಂಡನೇ’ ತೆಗೆದು ‘ಮನ್ನೆಯನು’ ಹಾಕಿ, ಮಾತ್ರೆ ಅಷ್ಟೇ, ಪಾಳೆಯಗಾರ ಅನ್ನೋ ಅರ್ಥಾನೂ ಸಿಗತ್ತೆ.

ಪ್ರಾಸಪ್ರಿಯ:
ಊರಿನ ಹೆಸರೇ ಪ್ರಾಸ ಹೊತ್ಕೊಂಡು ಕೂತಿದೆ, ಅದನ್ನ ಹುಡುಕಿದ್ದಕ್ಕೇ ತಂಗಿಗೆ ಅರ್ಧ ಮಾರ್ಕ್ಸ್ ಎಕ್ಸ್‌ಟ್ರಾ. ಮಾನ್‌ಫೋರ್ ಹೆಂಡತಿ ಹೆಸರೂ ಜೋನೇ. ಗಂಡ ನಾಂತ್‌ನಲ್ಲಿ ಸಿಕ್ಕಿಬಿದ್ದ ಮೇಲೆ 1342ರಲ್ಲಿ ಹೆನ್ನೆಬೋನ್ ಕೋಟೆ ಹಿಡಿದು ನಿಂತಿದ್ದು ಅವಳು, ಮುತ್ತಿಗೆ ಹಾಕಿದವರ ಡೇರೆಗಳ ಹತ್ರ ಕಾವಲಿಲ್ಲ ಅಂತ ಗೋಡೆ ಮೇಲಿಂದ ನೋಡಿ, ಕುದುರೆ ಏರಿ ಹೋಗಿ ಬೆಂಕಿ ಇಟ್ಟು ಬಂದ್ಲು ಅಂತ ಕತೆ. ಹೆಣ್ಣಿಗೆ ಹಕ್ಕಿಲ್ಲ ಅಂದ ಪಕ್ಷಾನ ಉಳಿಸಿದ್ದು ಹೆಣ್ಣೇ.

ಹಳೇಬೇರು:
ತಡವಾಗಿ ಬಂದೆ, ಕ್ಷಮಿಸಿ. ‘ತನ್ನ ನೆತ್ತರು’ ಅಂದ್ರೆ ಮೈಯ್ಯಿಂದೇ ಸುರೀಬೇಕಾ? ಒಡಹುಟ್ಟಿದವರೂ ತನ್ನ ನೆತ್ತರೇ ಅಲ್ವಾ. ಎರಡೂ ಕುಡಿ ಹುಟ್ಟಿದ್ದು ಮೂರನೇ ಜಾನ್‌ನ ಅಪ್ಪ ಎರಡನೇ ಆರ್ಥರ್‌ನ ಎರಡು ಮದುವೆಯಿಂದ.

ಮುನ್ನೊಬ್ಬ ದೊರೆಗೆ ಮಡದಿಯರಿಬ್ಬರಾಗಿರಲು
ಹೊನ್ನ ಗದ್ದುಗೆಗಾಗಿ ಕುಡಿಯೆರಡು ಕೆರಳಿ
ಬನ್ನವಿಪ್ಪತ್ಮೂರು ವರುಷ, ಕೊನೆಗಾ ಕುಲಕೆ
ತನ್ನ ನೆತ್ತರ ಕುಡಿದು ದಾಹ ತೀರಿದುದು

ಪ್ರಾಸಪ್ರಿಯ:
ಗುರುಗಳೇ, ಸಮಸ್ಯೆ ಕೊಟ್ಟವನಿಗೇ ಗೊತ್ತಿರದ ಅರ್ಥ ಇದು. ಲೆಕ್ಕಾನೂ ಸರಿ, 1364ರಲ್ಲಿ ಓರೇ ಕಾಳಗದಲ್ಲಿ ಚಾರ್ಲ್ಸ್ ಸತ್ತ, ಮರುವರ್ಷ ಗೆರಾಂಡ್ ಒಪ್ಪಂದ, ಮಾನ್‌ಫೋರ್ ಮಗ ಡ್ಯೂಕ್ ಆದ.

ಗಣಪಾಠಿ:
ಒಂದು ತಕರಾರು. ದಾಹ ಎಲ್ಲಿ ತೀರ್ತು? 1420ರಲ್ಲಿ ಪೆಂತಿಯೇವ್ರ್ ಮನೆಯವರು ಆಗಿನ ಡ್ಯೂಕ್‌ನನ್ನ ಔತಣಕ್ಕೆ ಕರೆದು ಸೆರೆ ಹಾಕಿದ್ರಲ್ಲ, ಮೊಮ್ಮಕ್ಕಳ ಕಾಲಕ್ಕೂ ಬಾಯಿ ಒಣಗೇ ಇತ್ತು.

ಹಳೇಬೇರು:
ಹೌದಲ್ಲ. ಹಾಗಾದ್ರೆ ಕೊನೇ ‘ದು’ನ ‘ದೆ’ ಮಾಡಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕ್ಲಾ? ‘ತೀರಿದುದೆ?’ ಗಣ ಕೆಡಲ್ಲ.

ಪ್ರಾಸಪ್ರಿಯ:
ಕೊಟ್ಟ ಸಾಲು ಮುಟ್ಟಂಗಿಲ್ಲ ಅಂತ ರೂಲ್ ಮಾಡಿದ್ದು ನಾನೇ, ಈಗ ನಾನೇ ಏನೂ ನೋಡಿಲ್ಲ. ಹಾಕಿ.