ಸುಳ್ಳು ಅಂತಿದ್ದ ತಂಗಿ ಈಗ ನಿಜ ಅಂತಾಳೆ. ಇದು ಓಸಿಡಿನೇನಾ?

ಹಾಸನದ ಅಕ್ಕ:
ತಂಗಿಗೆ 23 ವರ್ಷ. ಎರಡು ವರ್ಷದ ಹಿಂದೆ ಡಾಕ್ಟರ್ ಗೀಳು ಕಾಯಿಲೆ, ಅಂದರೆ ಓಸಿಡಿ, ಅಂದರು. ಅಪ್ಪ ಲಾರಿ ಓಡಿಸುತ್ತಾರೆ. ಅವರು ಹೊರಡುವ ಮೊದಲು ಇವಳು ಹೊಸ್ತಿಲನ್ನು 8 ಸಲ ಮುಟ್ಟಬೇಕು, ಇಲ್ಲದಿದ್ದರೆ ಆಕ್ಸಿಡೆಂಟ್ ಆಗುತ್ತೆ ಅನ್ನೋ ಭಯ. ಮೊದಲೆಲ್ಲ "ಅಕ್ಕಾ, ಸುಳ್ಳು ಅಂತ ಗೊತ್ತು, ಆದರೂ ಬಿಡೋಕಾಗ್ತಿಲ್ಲ" ಅಂತ ಅಳುತ್ತಿದ್ದಳು. ಹೋದ ತಿಂಗಳು ಅಮ್ಮ ಕರೆದರು ಅಂತ 5ಕ್ಕೇ ಎಣಿಕೆ ತಪ್ಪಿತು. ಅವತ್ತೇ ಶಿರಾಡಿ ಘಾಟಿಯಲ್ಲಿ ಲಾರಿ ಟೈರ್ ಒಡೆಯಿತು. ಅಪ್ಪನಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ "ನೋಡಿದ್ಯಾ, ನಿಜ ತಾನೇ?" ಅಂತಾಳೆ. ಟೈರ್ ಹಳೇದು ಅಂದರೂ ಕೇಳುವುದಿಲ್ಲ. ಇದು ಓಸಿಡಿ ದಾಟಿ ಭ್ರಮೆ ಆಯ್ತಾ?

ಗೀಳಿನ ಜೊತೆ 11 ವರ್ಷ:
ಅಕ್ಕಾ, ನನಗೂ ಹೀಗೇ ಆಗಿತ್ತು. ನನ್ನದು ಗ್ಯಾಸ್ ಸಿಲಿಂಡರ್. ಆಫೀಸಿನಲ್ಲಿ ಕೂತಾಗ ಆಫ್ ಮಾಡಿದ್ದೇನೆ ಅಂತ ಚೆನ್ನಾಗಿ ಗೊತ್ತಿರುತ್ತಿತ್ತು. ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ ಮಾತ್ರ ಮನೆ ಸುಟ್ಟೇ ಹೋಗುತ್ತೆ ಅನ್ನಿಸುತ್ತಿತ್ತು. ಆ ಗಳಿಗೆಯಲ್ಲಿ ಅದು ಭಯ ಅಲ್ಲ, ನಿಜವೇ. ನಂಬಿಕೆ ಒಂದೇ ದಿನದಲ್ಲಿ ಏರುತ್ತೆ, ಇಳಿಯುತ್ತೆ. ನಮ್ಮ ಡಾಕ್ಟರ್ "ಈಗ ನೂರಕ್ಕೆ ಎಷ್ಟು ನಂಬ್ತೀರಿ?" ಅಂತ ಕೇಳುತ್ತಿದ್ದರು. ನೀವೂ ಕೇಳಿ ನೋಡಿ. ವಾದ ಮಾತ್ರ ಬೇಡ. ನಮ್ಮಣ್ಣ ವಾದ ಮಾಡಿದಷ್ಟೂ ನಾನು ಜಾಸ್ತಿ ಸಾಕ್ಷಿ ಹುಡುಕುತ್ತಿದ್ದೆ. ಅವಳ ಬದಲು ನೀವು ಎಣಿಸಿಕೊಡಲೂ ಹೋಗಬೇಡಿ.

ಮೈಸೂರಿನ ಸೈಕಾಲಜಿಸ್ಟ್:
ಪೂರ್ತಿ ನಂಬಿದರೂ ಅದು ಓಸಿಡಿಯೇ ಇರಬಹುದು. ಮಾನಸಿಕ ಕಾಯಿಲೆ ಗುರುತಿಸಲು ಡಾಕ್ಟರುಗಳು ಬಳಸುವ ಕೈಪಿಡಿ, 2013ರ ಡಿಎಸ್‌ಎಂ-5 ಇದನ್ನು ಸ್ಪಷ್ಟವಾಗಿ ಹೇಳುತ್ತೆ: ಕೆಲವರಿಗೆ ತಮ್ಮ ಭಯ ನಿಜವಲ್ಲ ಅನ್ನೋ ಅರಿವು ಚೆನ್ನಾಗಿರುತ್ತೆ, ಕೆಲವರಿಗೆ ಕಮ್ಮಿ, ಕೆಲವರಿಗೆ ಇರುವುದೇ ಇಲ್ಲ. ಅಷ್ಟಕ್ಕೇ ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಕಾಯಿಲೆ) ಅನ್ನುವಂತಿಲ್ಲ. ಆದರೆ ಯಾರದೋ ದನಿ ಕೇಳುತ್ತೆ, ಯಾರೋ ಸಂಚು ಮಾಡ್ತಿದ್ದಾರೆ ಅಂದರೆ ಡಾಕ್ಟರಿಗೆ ತಪ್ಪದೆ ಹೇಳಿ. ಟೈರಿನ ವಿಷಯವನ್ನೂ ಹೇಳಿ, ಬೇಗ ಹೋಗಿ. ಫ್ಲೂಆಕ್ಸೆಟಿನ್‌ನಂಥ ಮಾತ್ರೆ ಓಸಿಡಿಗೆ ಪೂರ್ತಿ ಕೆಲಸ ಮಾಡಲು 8ರಿಂದ 12 ವಾರ ಬೇಕು, ನಡುವೆ ನಿಲ್ಲಿಸಬೇಡಿ. ಜೊತೆಗೆ, ಮುಟ್ಟದೆ ಆ ಭಯದ ಜೊತೆ ಕೂರುವ ಇಆರ್‌ಪಿ ಅಭ್ಯಾಸ ಮಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಪ್ರತ್ಯೇಕ ಕ್ಲಿನಿಕ್ ಇದೆ. ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ಹಾಸನದ ಅಕ್ಕ:
ಇವತ್ತು ಕೇಳಿದೆ. ಬೆಳಿಗ್ಗೆ ಹೊಸ್ತಿಲ ಹತ್ತಿರ 95 ಅಂದಳು. ರಾತ್ರಿ ಅಪ್ಪನ ಪಕ್ಕ ಊಟಕ್ಕೆ ಕೂತಾಗ, ತುಂಬಾ ಹೊತ್ತು ಯೋಚಿಸಿ, 40 ಅಂದಳು. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ.