ಏರ್ ಶವರ್ ಹಿಡಿಯಲು ಮೂರು ಡೈಪೋಲ್, ಮೂರು ಎಸ್‌ಡಿಆರ್ ಡಾಂಗಲ್ ಸಾಕಾ?

ಪ್ರಶ್ನೆ: ತುಮಕೂರಿನ ಹೊರಗೆ ಕಾಲೇಜಿನ ಖಾಲಿ ಜಾಗದಲ್ಲಿ ಮೂರು ಡೈಪೋಲ್ (ಎರಡು ತೋಳಿನ ಸರಳ ಆಂಟೆನಾ) ನಿಲ್ಲಿಸಿ ಕಾಸ್ಮಿಕ್ ಕಿರಣದ ಏರ್ ಶವರ್ (ಬಾಹ್ಯಾಕಾಶದ ಕಣ ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣಗಳ ಮಳೆ) ಹಿಡಿಯಬೇಕೆಂದಿದ್ದೇವೆ. ಒಂದೊಂದಕ್ಕೂ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ರೇಡಿಯೊ ರಿಸೀವರ್), 60 ಮೆಗಾಹರ್ಟ್ಸ್‌ಗೆ ಟ್ಯೂನ್. ಮೂರರಲ್ಲೂ ಒಟ್ಟಿಗೆ ಸ್ಪೈಕ್ ಬಂದರೆ ಶವರ್ ಅನ್ನಬಹುದಾ? ಡೈಪೋಲ್ ಯಾವ ದಿಕ್ಕಿಗೆ ಕಟ್ಟಬೇಕು?

ಉತ್ತರ 1: ಡಾಂಗಲ್ ಇಲ್ಲಿ ನಡೆಯಲ್ಲ ಸರ್. ಶವರ್‌ನ ಪಲ್ಸ್ ಕೆಲವು ಹತ್ತು ನ್ಯಾನೊಸೆಕೆಂಡ್ ಅಷ್ಟೇ; ಡಾಂಗಲ್‌ನ ಬ್ಯಾಂಡ್ (ಒಮ್ಮೆಗೆ ಹಿಡಿಯುವ ಆವರ್ತನಗಳ ಅಗಲ) 2.4 ಮೆಗಾಹರ್ಟ್ಸ್. ಬ್ಯಾಂಡ್ ಕಿರಿದಾದಷ್ಟೂ ಪಲ್ಸ್‌ನ ಎತ್ತರ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ನಾಯ್ಸ್ (ಹಿನ್ನೆಲೆ ಗದ್ದಲ) ಇಳಿಯುವುದು ವರ್ಗಮೂಲದ ಲೆಕ್ಕದಲ್ಲಿ ಮಾತ್ರ. 50 ಮೆಗಾಹರ್ಟ್ಸ್ ಬ್ಯಾಂಡ್‌ಗೆ ಹೋಲಿಸಿದರೆ ಪಲ್ಸ್-ನಾಯ್ಸ್ ಅನುಪಾತದಲ್ಲಿ ನಾಲ್ಕೂವರೆ ಪಟ್ಟು ನಷ್ಟ. ಅರ್ಜೆಂಟೀನಾದ ಪಿಯೆರ್ ಆಜೆ ಕಾಸ್ಮಿಕ್ ಕಿರಣ ವೀಕ್ಷಣಾಲಯದ ಏರಾ ಎಂಬ ಆಂಟೆನಾ ಸಮೂಹ ಬಳಸುವುದು 30–80 ಮೆಗಾಹರ್ಟ್ಸ್, ಸ್ಯಾಂಪ್ಲಿಂಗ್ ಸೆಕೆಂಡಿಗೆ 18–20 ಕೋಟಿ. 88ರಿಂದ ಎಫ್‌ಎಂ ಶುರುವಾಗುವುದರಿಂದ ಕಡಿದಾದ ಫಿಲ್ಟರ್ ಬೇಕು, ಅದೂ ಆಂಪ್ಲಿಫೈಯರ್‌ಗೆ ಮುಂಚೆ. ಇಲ್ಲದಿದ್ದರೆ ಹತ್ತಿರದ ಎಫ್‌ಎಂ ಸ್ಟೇಷನ್ನೇ ಆಂಪ್ಲಿಫೈಯರ್ ತುಂಬಿಬಿಡುತ್ತದೆ. ಫಿಲ್ಟರ್‌ನಲ್ಲಿ ಆಗುವ ಅಲ್ಪ ನಷ್ಟಕ್ಕೆ ಹೆದರಬೇಡಿ: ಈ ಬ್ಯಾಂಡ್‌ನಲ್ಲಿ ಆಕಾಶಗಂಗೆಯ ನಾಯ್ಸೇ ಸಾವಿರಾರು ಕೆಲ್ವಿನ್, ಅದರ ಮುಂದೆ ಆ ನಷ್ಟ ಲೆಕ್ಕಕ್ಕಿಲ್ಲ.

ಉತ್ತರ 2: ಮೂರರಲ್ಲೂ ಒಟ್ಟಿಗೆ ಬಂದಿದ್ದು ಏನನ್ನೂ ಸಾಬೀತು ಮಾಡಲ್ಲ. ಟ್ರಾನ್ಸ್‌ಫಾರ್ಮರ್ ಕಿಡಿ, ಪಂಪ್‌ಸೆಟ್ ಸ್ಟಾರ್ಟರ್, ಝಟ್ಕಾ ಬೇಲಿ (ಪ್ರಾಣಿ ತಡೆಯುವ ವಿದ್ಯುತ್ ಬೇಲಿ) ಎಲ್ಲವೂ ಹಾಗೇ ಬರುತ್ತವೆ. ಪಲ್ಸ್‌ಗಳ ಸಮಯವನ್ನು 50 ಹರ್ಟ್ಸ್ ಫೇಸ್ ಮೇಲೆ ಇಟ್ಟು ನೋಡಿ. ಒಂದೇ ಜಾಗದಲ್ಲಿ ಗುಂಪುಗಟ್ಟಿದರೆ ಅದು ಕರೆಂಟ್ ಲೈನ್. ಜರ್ಮನಿಯ ಲೋಪೆಸ್ ಎಂಬ ರೇಡಿಯೊ ಪ್ರಯೋಗ ಗೆದ್ದದ್ದೇ ಪಕ್ಕದ ಕ್ಯಾಸ್ಕೇಡ್ ಕಣ ಡಿಟೆಕ್ಟರ್‌ಗಳಿಂದ ಟ್ರಿಗರ್ (ಈಗ ದಾಖಲಿಸು ಎಂಬ ಸೂಚನೆ) ತೆಗೆದುಕೊಂಡು. ನೀವೂ ನಾಲ್ಕು ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ಡಿಟೆಕ್ಟರ್) ಇಡಿ. ಎಡಿಸಿ (ಆಂಟೆನಾ ಸಿಗ್ನಲ್ ಅನ್ನು ಅಂಕಿಗಳಾಗಿಸುವ ಚಿಪ್) ಸದಾ ರಿಂಗ್ ಬಫರ್‌ಗೆ (ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುವ ಮೆಮೊರಿ) ಬರೆಯುತ್ತಿರಲಿ, ಟ್ರಿಗರ್ ಬಂದಾಗ ಹಿಂದು ಮುಂದಿನ ಹತ್ತು ಮೈಕ್ರೊಸೆಕೆಂಡ್ ಉಳಿಸಿಕೊಳ್ಳಿ. ಸಿಂಟಿಲೇಟರ್‌ನ ಹೈ ವೋಲ್ಟೇಜ್ ಸಪ್ಲೈಯೇ ಆಂಟೆನಾಗೆ ಕಾಟ ಕೊಡುತ್ತದೆ, ಲೋಹದ ಪೆಟ್ಟಿಗೆಯೊಳಗಿರಲಿ. ಕೇಬಲ್‌ಗಳ ಉದ್ದ ಅಳೆದಿಡಿ: ಆರ್‌ಜಿ-58 ಕೇಬಲ್‌ನಲ್ಲಿ ಮೀಟರಿಗೆ 5 ನ್ಯಾನೊಸೆಕೆಂಡ್ ತಡ.

ಉತ್ತರ 1: ದಿಕ್ಕು ಪೂರ್ವ-ಪಶ್ಚಿಮ. ಶವರ್‌ನ ಎಲೆಕ್ಟ್ರಾನ್, ಪಾಸಿಟ್ರಾನ್‌ಗಳನ್ನು ಭೂಕಾಂತಕ್ಷೇತ್ರ ವಿರುದ್ಧ ದಿಕ್ಕಿಗೆ ಎಳೆಯುವುದರಿಂದ ರೇಡಿಯೊ ಅಲೆ ಹುಟ್ಟುತ್ತದೆ. ಕರ್ನಾಟಕದ ಅನುಕೂಲ ದೊಡ್ಡದು: ಇಲ್ಲಿ ಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ, ಬಹುತೇಕ ಅಡ್ಡಲಾಗಿ ಉತ್ತರಕ್ಕಿದೆ, ಅರ್ಜೆಂಟೀನಾದಲ್ಲಿ ಸುಮಾರು 24. ನೆತ್ತಿಯಿಂದ ಬರುವ ಶವರ್ ಕ್ಷೇತ್ರಕ್ಕೆ ಹೆಚ್ಚುಕಡಿಮೆ ಲಂಬ, ಹಾಗಾಗಿ ಸಿಗ್ನಲ್ ಜೋರು. ಉತ್ತರ-ದಕ್ಷಿಣ ಡೈಪೋಲ್ ಕೂಡ ಕಟ್ಟಿ, ಧ್ರುವೀಕರಣ (ರೇಡಿಯೊ ಅಲೆ ಕಂಪಿಸುವ ದಿಕ್ಕು) ಸರಿಯಿದೆಯೋ ಇಲ್ಲವೋ ಅನ್ನುವುದೇ ನಿಮ್ಮ ಗಟ್ಟಿ ಸಾಕ್ಷಿ. ಶವರ್‌ನಲ್ಲಿ ಪಾಸಿಟ್ರಾನ್‌ಗಿಂತ ಎಲೆಕ್ಟ್ರಾನ್‌ಗಳು ಹೆಚ್ಚಿರುವುದರಿಂದ ಇನ್ನೊಂದು ಸಣ್ಣ ಸಿಗ್ನಲ್ ಸೇರುತ್ತದೆ. ಹಾಗಾಗಿ ಶವರ್ ಕೇಂದ್ರದ ಪೂರ್ವ, ಪಶ್ಚಿಮ ಬದಿಗಳಲ್ಲಿ ಪಲ್ಸ್‌ನ ಎತ್ತರ ಬೇರೆಯಾದರೆ ಕ್ಯಾಲಿಬ್ರೇಷನ್ ತಪ್ಪೆಂದುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು: ಟ್ರಿಗರ್ ದಿನಕ್ಕೆ ನೂರಾರು ಬಂದರೆ ಎಲ್ಲದರಲ್ಲೂ ಪಲ್ಸ್ ಹುಡುಕಬೇಕಾ?

ಉತ್ತರ 2: ಬೇಡ. ಅವುಗಳಲ್ಲಿ ಬಹುಪಾಲು 10¹⁵ ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನ ಶಕ್ತಿಯ ಶವರ್‌ಗಳು. ರೇಡಿಯೊ ನಾಯ್ಸ್‌ಗಿಂತ ಮೇಲೆ ಏಳಲು 10¹⁷ರಷ್ಟು ಬೇಕು. 100 ಮೀಟರ್ ಉದ್ದ, 100 ಮೀಟರ್ ಅಗಲದ ಜಾಗದಲ್ಲಿ ಅಂಥದ್ದು ವಾರಕ್ಕೊಂದು ಸಿಕ್ಕರೂ ಹೆಚ್ಚು. ನಾಲ್ಕೂ ಸಿಂಟಿಲೇಟರ್‌ಗಳಲ್ಲಿ ಕಣಗಳ ಸಂಖ್ಯೆ ತೀರಾ ಹೆಚ್ಚಿರುವ ಟ್ರಿಗರ್‌ಗಳನ್ನಷ್ಟೇ ಮೊದಲು ತೆಗೆದು ನೋಡಿ.