ಗೋಧಿ ತಾಕಿನ ಫಲಕ: ತುಕ್ಕು ‘ತಡೆಯುವ’ ತಳಿಯೋ, ‘ತಡೆದುಕೊಳ್ಳುವ’ ತಳಿಯೋ?

> ನಾಳೆ ಬೆಳಿಗ್ಗೆ ಫಲಕ ಬರೆಯಲು ಕೊಡಬೇಕು. ರಸ್ಟ್ ರೆಸಿಸ್ಟೆಂಟ್ ಗೋಧಿಗೆ "ತುಕ್ಕು ರೋಗ ತಡೆದುಕೊಳ್ಳುವ ತಳಿ" ಅಂದರೆ ಸಾಕಾ?

ಸಾಲದು ಮೇಡಂ. "ತಡೆಯುವ" ಅಂತ ಬರೆಸಿ.

ಹಲ್ಲುನೋವು ತಡೆದುಕೊಂಡೆ ಅಂದರೆ ನೋವು ಇದ್ದೇ ಇತ್ತು ಅಂತ ತಾನೇ? ಹೊಲದಲ್ಲೂ ಅಷ್ಟೇ. ತಡೆದುಕೊಳ್ಳುವ ಗಿಡದ ಎಲೆ ಮೇಲೆ ಗುಳ್ಳೆ ಒಡೆದಿರುತ್ತದೆ, ಬೆರಳಾಡಿಸಿದರೆ ಕಿತ್ತಳೆ ಬಣ್ಣದ ಪುಡಿ ಅಂಟುತ್ತದೆ. ಆದರೂ ಇಳುವರಿ ಜಾಸ್ತಿ ಕುಸಿಯುವುದಿಲ್ಲ. ಇದು ಸಹಿಷ್ಣು ತಳಿ. ತಡೆಯುವ ಗಿಡದಲ್ಲಿ ಶಿಲೀಂಧ್ರ ಹೊಕ್ಕ ಕಡೆ ಸುತ್ತಲ ಜೀವಕೋಶಗಳು ಬೇಗನೆ ಸಾಯುತ್ತವೆ. ಜೀವಂತ ಕೋಶವಿಲ್ಲದೆ ತುಕ್ಕಿನ ಶಿಲೀಂಧ್ರ ಬದುಕದು. ಎಲೆ ಮೇಲೆ ಮಾಸಲು ಚುಕ್ಕೆಯಷ್ಟೇ ಉಳಿಯುತ್ತದೆ. ಇದು ನಿರೋಧಕ. ಕೆಲವು ಜೀನ್‌ಗಳು ರೋಗವನ್ನು ನಿಧಾನ ಮಾಡುತ್ತವೆ ಅಷ್ಟೇ, ಅದೂ ತಡೆಯೇ. ಒಂದು "ಕೊಳ್ಳು" ಸೇರಿಸಿ ಕನ್ನಡ ಇಷ್ಟು ದೊಡ್ಡ ವ್ಯತ್ಯಾಸವನ್ನು ತೋರಿಸುತ್ತಿರುವಾಗ ಅದನ್ನು ಕಲಸುವುದು ಸರಿಯಲ್ಲ.

"ಸಂಕರ ತಳಿ" ಅಂತ ಸೂಚಿಸಿದವರಿಗೆ: ತಪ್ಪು. ರೈತರಿಗೆ ಸಂಕರ ಅಂದರೆ ಹೈಬ್ರಿಡ್, ಪ್ರತಿ ವರ್ಷ ಹೊಸ ಬೀಜ ಕೊಳ್ಳಬೇಕು. ಈ ಗೋಧಿ ತಳಿಗಳು ಹಾಗಲ್ಲ. ಎರಡು ತಳಿ ಕೂಡಿಸಿ, ಹಲವು ಪೀಳಿಗೆ ಆರಿಸಿ ಆರಿಸಿ ಗುಣ ನಿಲ್ಲಿಸಿರುತ್ತಾರೆ. ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದು.

"ನಿರೋಧಕ ಸಂಸ್ಕೃತ, ಜೀನ್ ಇಂಗ್ಲಿಷು, ಜೀನ್‌ಗೆ ಪೀಳಿ ಅನ್ನಿ" ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಪೀಳಿ ಅಂದರೆ ಏನು ಅಂತ ಫಲಕದ ಪಕ್ಕ ನಿಂತು ವಿವರಿಸುವವರು ಯಾರು? ರೋಗನಿರೋಧಕ ಶಕ್ತಿ ಅನ್ನುವುದು ಮನೆಮನೆಯ ಮಾತಾಗಿದೆ. ಎರವಲು ಬೇಡ ಅನ್ನುವವರು ಮೊದಲು ಇರುವ ಕನ್ನಡ ಕ್ರಿಯಾಪದಗಳನ್ನು ಸರಿಯಾಗಿ ಬಳಸಲಿ.

ಇನ್ನೊಂದು, ಯಾವ ತುಕ್ಕು ಅಂತ ಹೇಳಲೇಬೇಕು. ಕಾಂಡದ ಕಪ್ಪು ತುಕ್ಕು, ಎಲೆಯ ಕಂದು ತುಕ್ಕು, ಹಳದಿ ಪಟ್ಟೆ ತುಕ್ಕು ಮೂರಕ್ಕೂ ಬೇರೆ ಬೇರೆ ಶಿಲೀಂಧ್ರ. ಒಂದನ್ನು ತಡೆದ ತಳಿ ಇನ್ನೊಂದಕ್ಕೆ ಸೋಲಬಹುದು. ರೈ ಧಾನ್ಯದಿಂದ ಗೋಧಿಗೆ ತಂದ ಎಸ್‌ಆರ್‌31 ಜೀನ್ ಕಪ್ಪು ತುಕ್ಕನ್ನು ದಶಕಗಳ ಕಾಲ ತಡೆಯಿತು. 1998ರಲ್ಲಿ ಉಗಾಂಡದಲ್ಲಿ ಕಾಣಿಸಿದ ಯುಜಿ99 ಎಂಬ ಕಪ್ಪು ತುಕ್ಕಿನ ಹೊಸ ಬಗೆ ಆ ತಡೆಯನ್ನೂ ಮುರಿಯಿತು. ಹಾಗಾಗಿ ನಿಮ್ಮ ತಳಿಯನ್ನು ಎಲೆ ತುಕ್ಕಿಗೆ ಪರೀಕ್ಷಿಸಿದ್ದರೆ "ಎಲೆ ತುಕ್ಕು ತಡೆಯುವ ಗೋಧಿ ತಳಿ" ಅಂತಲೇ ಬರೆಸಿ. "ಸಂಪೂರ್ಣ" ಅಂತ ಮಾತ್ರ ಸೇರಿಸಬೇಡಿ.